ಜಪಾನಿನ ಮೊದಲ ಪಟ್ಟು

ತಿಕೋಟಾದಾಗ ನನ್ನಂಥ ಪೈಲ್ವಾನ ಹಿಂದ ಹುಟ್ಟಿಲ್ಲ, ಮುಂದ ಹುಟ್ಟಂಗಿಲ್ಲ. ಇಲ್ಲಿ ನಾ ತೊಡಿ ತಟ್ಟಿದ್ರ ಅಲ್ಲಿ ಗೋಳಗುಮ್ಮಟದಾಗ ಏಳು ಸಲ ಕೇಳತಿತ್ತು.

ಹತ್ತೊಂಬತ್ತನೂರಾ ಅರವತ್ತರ ದಶಕದಾಗ ನಮ್ಮ ಕಡಿ ಕೋಳಿ ಸಾಕೂದು ಕಲಸಾಕ ಒಬ್ಬ ಅಮೇರಿಕಾದವ ಬಂದಿದ್ದ. ಅದಕ್ಕೂ ಮೊದಲ ಜಪಾನಿನಾಗ ಸಿಪಾಯಿ ಆಗಿದ್ನಂತ. ರಜಾ ದಿನ ಉಳದ ಸಿಪಾಯಿಗೋಳು ಪ್ಯಾಟಿ ತಿರಗಿದ್ರ, ಇಂವ ಒಬ್ಬ ಮುದುಕನ ಮನ್ಯಾಗ ಚಾಪಿ ಮ್ಯಾಲ ಕುಸ್ತಿ ಕಲಿಯಾಕ ಹೋಗತಿದ್ನಂತ.

"ಆ ಮುದುಕ ಏನ ಕಲಿಸ್ಯಾನ ತೋರಸಪಾ," ಅಂತ ಗರಡಿಗೆ ಕರದೆ. ಊರ ಮಂದಿ ನೆರದಿತ್ತು. ಅಂವ ಬೂಟು ಬಿಚ್ಚಿ, ನನಗ ಬಗ್ಗಿ ನಮಸ್ಕಾರ ಮಾಡಿ, ನಾ ಮುಟ್ಟೂದ್ರೊಳಗ ತಾನ ಧಪ್ ಅಂತ ಅಂಗಾತ ಬಿದ್ದ!

ನಮ್ಮಲ್ಲಿ ಬೆನ್ನು ಮಣ್ಣಿಗೆ ಹತ್ತಿದ್ರ ಸೋತಂಗ. "ಚಿತ್!" ಅಂತ ಒದರಿ ಮಂದಿ ನನ್ನನ್ನ ತಮ್ಮ ಹೆಗಲ ಮ್ಯಾಲ ಹೊತ್ತರು. ಅಂವ ಮಣ್ಣು ಝಾಡಿಸಿಕೊಂತ ತನ್ನ ಮುರಕಲು ಕನ್ನಡದಾಗ ಅಂದ, "ಮೊದಲ ತಿಂಗಳು ಇದ ಒಂದ ಪಾಠ. ಎಲುವು ಮುರೀದಂಗ ಬೀಳೂದು. ನಿಮ್ಮ ಉಸ್ತಾದ ಕಲಿಸಿಲ್ಲೇನ್ರಿ?"

"ಬೀಳಾವ್ರು ಕಲೀತಾರಲೇ, ನಾ ಯಾಕ ಕಲೀಲಿ?" ಅಂದೆ. ಮಂದಿ ಸಿಳ್ಳಿ ಹೊಡೀತು. ಆದ್ರ ಹೋದ ವರ್ಷ ಮಗ್ಗಲಾಗಿ ಬಿದ್ದು ಮುರಕೊಂಡಿದ್ದ ಹೆಗಲು ಒಳಗ ಬ್ಯಾರೆನ ಮಾತಾಡಾಕತ್ತಿತ್ತು. ಇನ್ನೊಮ್ಮಿ ಮುರದ್ರ ನನ್ನ ಕುಸ್ತಿ ಮುಗೀತು ಅಂತ ವೈದ್ಯ ಹೇಳಿದ್ದ.

ಮರುದಿನ ಗರಡಿ ಬಾಗಲಾ ಹಾಕಿ ಅವನ ಮುಂದ ನಿಂತು, "ಕಲಸಪಾ," ಅಂದೆ. ಮಧ್ಯಾಹ್ನದ ತನಕ ಬಿದ್ದೆ, ಎದ್ದೆ, ಮತ್ತ ಬಿದ್ದೆ. ಹೆಗಲು ಉಳೀತು, ಮುಂದ ಹತ್ತು ವರ್ಷ ಕುಸ್ತಿನೂ ಉಳೀತು.

ಮಂದಿ ಮುಂದ ನನ್ನ ಬೆನ್ನು ಇವತ್ತಿಗೂ ಮಣ್ಣು ಕಂಡಿಲ್ಲ. ಬಾಗಲಾ ಹಾಕಿಕೊಂಡು ಬಿದ್ದದ್ದಕ್ಕ ಯಾರರ ಸೋಲು ಅಂತಾರೇನ್ರಿ?