ಬೆನ್ನು ಕತ್ತರಿಸದ ಕೋಟು

ಸಿಲ್ವೆಸ್ಟರ್ ಪೊರ್ಬುಗಳು ಕೋಟು ಹಾಕಿದವರ ಕೈ ಕುಲುಕುವಾಗ ಮುಖ ನೋಡುತ್ತಿರಲಿಲ್ಲ. ತೋಳಿನ ತುದಿಯ ನಾಲ್ಕು ಗುಂಡಿಗಳನ್ನು ನೋಡುತ್ತಿದ್ದರು. ಕಿರುಬೆರಳ ಉಗುರಿನಿಂದ ಒಂದನ್ನು ಮೀಟಿ, ಅದು ಬಿಚ್ಚುವ ಗುಂಡಿಯಲ್ಲ, ಬರೀ ತೋರಿಕೆಯದು ಎಂದು ತಿಳಿದರೆ, “ಇದು ಕೋಟಲ್ಲ ಮಾರಾಯ್ರೆ, ಕೋಟಿನ ಫೋಟೋ” ಎನ್ನುತ್ತಿದ್ದರು.

ಮಂಗಳೂರಿನ ಕಂಕನಾಡಿಯಲ್ಲಿ ಅವರ ಹೊಲಿಗೆ ಅಂಗಡಿಗೂ ನನ್ನ ಔಷಧದ ಅಂಗಡಿಗೂ ನಡುವೆ ಒಂದೇ ಗೋಡೆ. ನನ್ನ ಮದುವೆಯ ಕೋಟು ಹೊಲಿದವರು ಅವರೇ. ತೋಳಿನ ಗುಂಡಿಗಳಿಗೆ ತೂರಿಸಿ ಬಿಚ್ಚುವಂಥ ನಿಜವಾದ ಕಾಜ ಹೊಲಿಯುತ್ತಿದ್ದಾಗ, “ಇದನ್ನು ಯಾರು ಬಿಚ್ಚುತ್ತಾರೆ ಪೊರ್ಬುಗಳೇ?” ಎಂದೆ.

“ಹಿಂದೆ ಡಾಕ್ಟರುಗಳು ಕೋಟು ತೆಗೆಯದೆ ತೋಳು ಮಡಚಿ ಕೆಲಸ ಮಾಡ್ತಿದ್ದರಂತೆ. ಮದ್ದು ಮಾರುವವರು ನೀವು, ನಿಮಗೇ ಗೊತ್ತಿಲ್ವಾ?”

ಕಾಲರಿನಿಂದ ಎದೆಗಿಳಿಯುವ ಮಡಿಕೆಯಲ್ಲಿರುವ ಒಂಟಿ ಕಾಜಕ್ಕೂ ಕಾರಣವಿತ್ತು. ಚಳಿಗಾಳಿ ಬೀಸಿದರೆ ಮಡಿಕೆ ಎತ್ತಿ ಕೊರಳವರೆಗೆ ಮುಚ್ಚಲು ಅದು. ಮಂಗಳೂರಲ್ಲಿ ಚಳಿಗಾಳಿ ಎಲ್ಲಿ ಉಂಟು ಎಂದರೆ, “ಬರ್ಲಿಕ್ಕಿಲ್ಲ ಅಂತ ನೀವು ಬರೆದು ಕೊಡ್ತೀರಾ?” ಎನ್ನುವರು.

ಬಿಜೈಯ ರೆಡಿಮೇಡ್ ಅಂಗಡಿಯವರೊಬ್ಬರು ಒಮ್ಮೆ ದೊಡ್ಡ ಕೆಲಸ ತಂದರು. ಕಿಸೆಯ ಮುಚ್ಚಳ ಮಾತ್ರ ಸಾಕು, ಒಳಗೆ ಚೀಲ ಬೇಡ ಎಂದರು. ಆ ತಿಂಗಳು ಪೊರ್ಬುಗಳಿಗೆ ಬೇರೆ ಕೆಲಸವಿರಲಿಲ್ಲ. “ಹಾಗಾದ್ರೆ ಒಳಗೆ ಮನುಷ್ಯನೂ ಬೇಡ. ಗೊಂಬೆಗೆ ಹಾಕಿ,” ಎಂದು ಬಟ್ಟೆಯ ಗಂಟನ್ನು ಹಿಂದೆ ತಳ್ಳಿದರು.

ಕಳೆದ ವರ್ಷ ಸುರತ್ಕಲ್‌ನಲ್ಲಿ ಅವರ ಹಳೆಯ ಗಿರಾಕಿಯೊಬ್ಬರು ತೀರಿಕೊಂಡರು. ದೇಹಕ್ಕೆ ಬಟ್ಟೆ ತೊಡಿಸುವಾಗ ಅಲ್ಲೇ ಇದ್ದ ಪೊರ್ಬುಗಳು ನೇರವಾಗಿ ನನ್ನ ಅಂಗಡಿಗೆ ಬಂದು ನೀರು ಕೇಳಿದರು.

“ನಾನು ಹೊಲಿದ ಕೋಟು. ಬೆನ್ನನ್ನು ಉದ್ದಕ್ಕೆ ಸೀಳಿದ್ದಾರೆ.”

ಸೆಟೆದ ದೇಹಕ್ಕೆ ಕೋಟು ತೊಡಿಸಲು ಹಾಗೆ ಮಾಡುವುದುಂಟು. ಎರಡು ಭಾಗ ಮಾಡಿ ಮುಂದಿನಿಂದ ತೊಡಿಸಿ, ಅಂಚುಗಳನ್ನು ಬೆನ್ನಡಿಗೆ ಸಿಕ್ಕಿಸಿದರೆ ಯಾರಿಗೂ ಕಾಣುವುದಿಲ್ಲ. ನಾನು ಅದನ್ನೇ ಹೇಳಿದೆ.

“ಕಾಣದ ಕಡೆಯೇ ಹೆಚ್ಚು ಹೊಲಿಗೆ ಇರುವುದು. ನಾಳೆ ನಾನು ಹೋದಾಗ ನನ್ನ ಕೋಟಿಗೆ ಕತ್ತರಿ ಹಾಕ್ಲಿಕ್ಕೆ ಬಿಡಬೇಡಿ. ಮಾತು ಕೊಡಿ.”

ಕೊಟ್ಟೆ.

ಈ ಫೆಬ್ರವರಿಯ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಧ್ಯಾಹ್ನ ಮೂರಕ್ಕೆ ನಾನು ಅವರ ಮನೆಗೆ ಹೋದಾಗ ಅವರ ಅಣ್ಣನ ಮಗ ರೋಶನ್ ಒಂದು ಕೈಯಲ್ಲಿ ಕೋಟು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದಿದ್ದ. ಕತ್ತರಿ ಪೊರ್ಬುಗಳದೇ.

ಕತ್ತರಿಯ ಮೇಲೆ ಕೈ ಇಟ್ಟು, “ಬೇಡ” ಎಂದೆ.

“ಕೈ ಮಡಚುವುದಿಲ್ಲ ಅಂಕಲ್. ನಾಲ್ಕಕ್ಕೆ ಇಗರ್ಜಿಯಲ್ಲಿ ಇರಬೇಕು. ಬೆನ್ನು ಯಾರು ನೋಡ್ತಾರೆ?”

“ಮಾತು ಕೊಟ್ಟಿದ್ದೇನೆ.”

ಪೊರ್ಬುಗಳ ಹೆಂಡತಿ ಜುಲಿಯಾನ ಬಾಯಮ್ಮ ಎದ್ದು ಹೋಗಿ ಬಿಸಿನೀರು, ಟವೆಲು ತಂದರು. ಭುಜ, ಮೊಣಕೈಗಳಿಗೆ ಶಾಖ ಕೊಟ್ಟು, ಉಜ್ಜಿ ಉಜ್ಜಿ ಸಡಿಲಿಸಿದೆವು. ಮೊದಲು ಎಡತೋಳು ಕೋಟಿನೊಳಗೆ ಹೋಯಿತು. ರೋಶನ್ ಅವರನ್ನು ಎತ್ತಿ ತನ್ನ ಎದೆಗೆ ಒರಗಿಸಿಕೊಂಡ. ಬಲತೋಳು ಎರಡು ಸಲ ಸಿಕ್ಕಿಕೊಂಡು ಮೂರನೆಯ ಸಲ ಹೋಯಿತು. ಅಷ್ಟರಲ್ಲಿ ಗಂಟೆ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು. ಹೊರಗೆ ಇಗರ್ಜಿಗೆ ಒಯ್ಯುವ ವಾಹನದ ಹಾರನ್ ಕೇಳಿಸಿತು.

“ಆಂಟಿ, ಅವರು ಕಾಯ್ತಿದ್ದಾರೆ,” ಎಂದ ರೋಶನ್.

ಬಾಯಮ್ಮ ಗಂಡನ ಬೆನ್ನಿನ ಮೇಲೆ ಅಂಗೈ ಆಡಿಸಿ ಸುಕ್ಕು ಬಿಡಿಸುತ್ತಿದ್ದರು. ಅವಸರ ಮಾಡಲಿಲ್ಲ.

“ಕಾಯ್ಲಿ,” ಎಂದರು. “ಇವರ ಕೋಟು ಯಾವತ್ತು ಹೇಳಿದ ಟೈಮಿಗೆ ರೆಡಿಯಾದದ್ದುಂಟು?”