ಉಮ್ಮನ ಅಳತೆ ಪುಸ್ತಕ ಮತ್ತು ಜೀವಕೋಶ

ಉಮ್ಮನ ಕುತ್ತಿಗೆಯಲ್ಲಿ ಗಂಟಿರುವುದನ್ನು ಮೊದಲು ಕಂಡವರು ಅವರ ಬಳಿ ಬ್ಲೌಸ್ ಹೊಲಿಸಲು ಬಂದಿದ್ದ ಒಬ್ಬ ನರ್ಸ್. ಅಳತೆ ತೆಗೆಯುವಾಗ ಉಮ್ಮನ ತಲೆಯ ಶಾಲು ಜಾರಿತ್ತಂತೆ. "ಇದನ್ನು ಡಾಕ್ಟರಿಗೆ ತೋರಿಸಿ, ಹಾಗೇ ಬಿಡಬೇಡಿ" ಎಂದು ಆಕೆ ಹೇಳಿ ಹೋದರು. ಉಮ್ಮ ಹಾಗೇ ಬಿಟ್ಟರು. ಹಬ್ಬದ ಬಟ್ಟೆಗಳು ರಾಶಿ ಬಿದ್ದಿದ್ದವು. ನನಗೆ ವಿಷಯ ಗೊತ್ತಾದದ್ದು ಹಬ್ಬ ಕಳೆದ ಮೇಲೆ, ಅದೂ ತಮ್ಮನ ಹೆಂಡತಿ ಫೋನ್ ಮಾಡಿ ಹೇಳಿದಾಗ.

ನಾನು ಮೂಡುಬಿದಿರೆಯ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡನ ಮನೆ ತೋಡಾರಿನಲ್ಲಿ. ಉಮ್ಮ ಪಾಣೆಮಂಗಳೂರಿನಲ್ಲಿ ತಮ್ಮನ ಸಂಸಾರದೊಂದಿಗಿದ್ದಾರೆ. ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆಯಂಗಡಿ. ರಜೆ ಹಾಕಿ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, "ಸೂಜಿ ಹಾಕಿ ಸ್ವಲ್ಪ ಜೀವಕೋಶ ತೆಗೆದು ಪರೀಕ್ಷೆ ಮಾಡುವ. ನಾಲ್ಕು ದಿನ ಬಿಟ್ಟು ಬನ್ನಿ" ಎಂದರು. ಸೂಜಿ ಹಾಕುವಾಗ ಉಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಬಸ್ಸಿನಲ್ಲೂ ಬಿಡಲಿಲ್ಲ.

ಆ ನಾಲ್ಕು ದಿನ ನಾನು ಪಾಣೆಮಂಗಳೂರಿನಲ್ಲೇ ಉಳಿದೆ. ಎರಡನೆಯ ದಿನ ಮಧ್ಯಾಹ್ನ ಉಮ್ಮ ಹೊಲಿಯುತ್ತಿದ್ದವರು ಮೆಷಿನ್ ನಿಲ್ಲಿಸಿ ಕೇಳಿದರು. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಆದರೆ ಆ ಒಂದು ಪದವನ್ನು ಅವರು ಕನ್ನಡದಲ್ಲೇ ಹೇಳಿದರು.

"ಮೋಳೆ, ಈ ಜೀವಕೋಶ ಅಂದರೆ ಎಂಥದು? ನನ್ನಿಂದ ಅವರು ತೆಗೆದದ್ದು ಎಂಥ?"

ಉಮ್ಮ ಏಳನೆಯವರೆಗೆ ಓದಿದವರು. ಹದಿನೈದು ವರ್ಷದಿಂದ ತರಗತಿಯಲ್ಲಿ ಹೇಳುವುದನ್ನೇ ನಾನು ಶುರುಮಾಡಿದೆ. ಜೀವಕೋಶವೆಂದರೆ ಒಂದು ಶಾಲೆ ಇದ್ದ ಹಾಗೆ, ಸುತ್ತಲಿನ ಪೊರೆ ಕಾಂಪೌಂಡು, ನಡುವಿನ ಕೋಶಕೇಂದ್ರ ಹೆಡ್‌ಮಾಸ್ಟರು.

"ಹೆಡ್‌ಮಾಸ್ಟ್ರು ರಜೆ ಹಾಕಿದರೆ?" ಎಂದರು ಉಮ್ಮ. ತಮಾಷೆಯಲ್ಲ, ನಿಜವಾಗಿಯೇ ಕೇಳಿದ್ದು.

ನಾನು ಸುತ್ತ ನೋಡಿದೆ. ಅವರ ಮೇಜಿನ ಮೇಲೆ ಎಲ್ಲರ ಅಳತೆ ಬರೆದಿಟ್ಟ ದಪ್ಪ ಪುಸ್ತಕವಿತ್ತು. ಅದನ್ನು ಅವರು ಯಾರಿಗೂ ಕೊಡುವುದಿಲ್ಲ. ಬೇಕಾದ ಅಳತೆಯನ್ನು ಚೀಟಿಗೆ ಬರೆದು ಬಟ್ಟೆಗೆ ಪಿನ್ ಮಾಡುತ್ತಾರೆ, ತಮ್ಮನ ಹೆಂಡತಿ ಆ ಚೀಟಿ ನೋಡಿ ಹೊಲಿಯುತ್ತಾಳೆ.

"ಇಲ್ಲ ಉಮ್ಮ, ಹೆಡ್‌ಮಾಸ್ಟ್ರು ಅಲ್ಲ. ನಿಮ್ಮ ಈ ಪುಸ್ತಕದ ಹಾಗೆ. ಕೋಶಕೇಂದ್ರದ ಒಳಗೆ ಅಳತೆ ಎಲ್ಲ ಬರೆದಿರ್ತದೆ. ಪುಸ್ತಕ ಹೊರಗೆ ಬರುವುದಿಲ್ಲ, ಚೀಟಿ ಮಾತ್ರ ಬರ್ತದೆ. ಆ ಚೀಟಿ ನೋಡಿ ಹೊಲಿಯುವ ಸಣ್ಣ ಸಣ್ಣ ಮೆಷಿನು ಹೊರಗೆ ತುಂಬ ಉಂಟು."

"ಮೆಷಿನಿಗೆ ಕರೆಂಟು?"

"ಅದಕ್ಕೂ ಒಳಗೇ ಬೇರೆ ವ್ಯವಸ್ಥೆ ಉಂಟು. ಮೈಟೋಕಾಂಡ್ರಿಯಾ ಅಂತ. ನಾವು ತಿಂದ ಅನ್ನದಿಂದಲೇ ನಡೀತದೆ."

ಉಮ್ಮ ಕುರ್ಚಿ ನನ್ನ ಕಡೆ ತಿರುಗಿಸಿದರು. ಇಸ್ತ್ರಿ ಹಾಕಿ, ಮಡಚಿ, ಕವರಿಗೆ ತುಂಬಿ ಕಳಿಸುವವರು ಯಾರು ಎಂದು ಕೇಳಿದರು. ಗಾಲ್ಜಿ ಎಂದೆ. ಕತ್ತರಿಸಿ ಉಳಿದ ಚೂರುಗಳು? ಅದನ್ನು ಕರಗಿಸುವ ಚೀಲವೇ ಉಂಟು, ಲೈಸೋಸೋಮ್. ಅವರ ಪ್ರಶ್ನೆಗಳು ಯಾವ ಪುಸ್ತಕದಲ್ಲೂ ಇಲ್ಲದ ಕ್ರಮದಲ್ಲಿ ಬರುತ್ತಿದ್ದವು. ಹೇಳುವುದು ನನಗೆ ಸುಲಭವಾಗುತ್ತ ಹೋಯಿತು.

ಆಮೇಲೆ ಅವರು ಪುಸ್ತಕದ ಮೇಲೆ ಕೈಯಿಟ್ಟು ಕೇಳಿದರು. "ಪುಸ್ತಕದಲ್ಲೇ ಅಳತೆ ತಪ್ಪಿದ್ದರೆ?"

"ಆಗ ಹೊಲಿದದ್ದೂ ತಪ್ಪಾಗ್ತದೆ."

"ಯಾರೂ ನಿಲ್ಲಿಸದಿದ್ದರೆ ಅದೇ ತಪ್ಪು ಹೊಲೀತಾ ಇರ್ತದೆ. ಅದೇ ಅಲ್ವಾ ಆ ಕಾಯಿಲೆ?"

ಎರಡು ದಿನದಿಂದ ನಾವಿಬ್ಬರೂ ಆ ಕಾಯಿಲೆಯ ಹೆಸರು ಎತ್ತಿರಲಿಲ್ಲ. ಈಗಲೂ ಎತ್ತಲಿಲ್ಲ. ಹೌದು ಎಂದೆ. ಡಾಕ್ಟರು ದೊಡ್ಡದು ಮಾಡಿ ನೋಡುವುದು ಆ ಪುಸ್ತಕ ಇರುವ ಕೋಶಕೇಂದ್ರವನ್ನೇ, ಅದರ ಆಕಾರ ಕೆಟ್ಟಿದೆಯೋ ಇಲ್ಲವೋ ತಿಳಿಯಲು, ಅಂತಲೂ ಹೇಳಿದೆ.

"ಹಾಗಾದರೆ ನೋಡಲಿ" ಎಂದರು ಉಮ್ಮ. "ಏನು ನೋಡ್ತಾರೆ ಅಂತ ಗೊತ್ತಿಲ್ಲದೆ ಹೆದರಿದ್ದೆ." ಅಂದು ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಮಾತ್ರ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದೆ.

ರಿಪೋರ್ಟ್ ಸಿಗುವ ದಿನ ಡಾಕ್ಟರ ಎದುರು ಕೂತೆವು. ಅವರು ಕಾಗದ ಓದಿ ಮುಗಿಸುವ ಮೊದಲೇ ಉಮ್ಮ ಕೇಳಿದರು.

"ಡಾಕ್ಟ್ರೇ, ಕೋಶಕೇಂದ್ರ ಸರಿ ಉಂಟಾ?"

ಡಾಕ್ಟರು ತಲೆಯೆತ್ತಿ ಅವರನ್ನು ನೋಡಿದರು, ಆಮೇಲೆ ನನ್ನನ್ನು. "ಸರಿ ಉಂಟಮ್ಮ. ಎಲ್ಲ ಒಂದೇ ಹಾಗೆ ಉಂಟು. ಇದು ಅಪಾಯದ ಗಂಟಲ್ಲ. ವರ್ಷಕ್ಕೊಮ್ಮೆ ಬಂದು ಸ್ಕ್ಯಾನ್ ಮಾಡಿಸಿ, ಸಾಕು."

ನನಗೆ ಅಳು ಬಂತು. ವಿಜ್ಞಾನದ ಟೀಚರು ನಾನು, ಆದರೆ ಡಾಕ್ಟರು ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು. ಉಮ್ಮ ಅಲ್‌ಹಮ್ದುಲಿಲ್ಲಾ ಎಂದು ಮೆಲ್ಲನೆ ಹೇಳಿ, ಶಾಲಿನ ತುದಿಯಿಂದ ನನ್ನ ಮುಖ ಒರೆಸಿದರು. ಡಾಕ್ಟರು ನೋಡುತ್ತಿದ್ದಾರೆಂದು ನನಗೆ ನಾಚಿಕೆಯಾಯಿತು, ಉಮ್ಮನಿಗೆ ಆಗಲಿಲ್ಲ.

ಹೊರಗೆ ಬಿಸಿಲು ಜೋರಿತ್ತು. ಬಸ್ ಸ್ಟ್ಯಾಂಡಿನತ್ತ ಹೊರಟವಳನ್ನು ಉಮ್ಮ ತಡೆದರು. "ಎಂಥ ಅವಸರ? ಐಸ್‌ಕ್ರೀಮ್ ತಿನ್ನುವ." ಅಂಗಡಿಯಲ್ಲಿ ಕೂತೆವು, ಹಣ್ಣು, ಜೆಲ್ಲಿ ಹಾಕಿದ ಎತ್ತರದ ಗ್ಲಾಸಿನ ಗಡ್‌ಬಡ್ ಬಂತು. ಉಮ್ಮ ಉದ್ದ ಚಮಚವನ್ನು ತಳದವರೆಗೆ ಇಳಿಸಿ, ಜೆಲ್ಲಿಯನ್ನು ಮೊದಲು ಹುಡುಕಿ ತಿಂದರು. ನನ್ನ ಗ್ಲಾಸಿನದನ್ನೂ ಕೇಳಿದರು. ಕೊಟ್ಟೆ.