ರಂಗೋಲಿ ಡಬ್ಬಿಯಲ್ಲಿ ಹೋದ ಎಣ್ಣೆ

ಇದನ್ನು ಹೇಳಲು ಇಷ್ಟು ದಿನ ಹಿಂಜರಿದೆ. ಶಿರಾದ ನಮ್ಮ ಮೆಕ್ಯಾನಿಕ್ ಇಂಜಿನ್ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು, "ಎಣ್ಣೆ ಮಾತಾಡ್ತದೆ ಕಣಣ್ಣ" ಅನ್ನುತ್ತಿದ್ದ. ನಾನು ನಂಬದೆ, ನನ್ನ ಹಳೇ ಕಾರಿನ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸಿದೆ. ಎಣ್ಣೆಯಲ್ಲಿ ಧೂಳು ವಿಪರೀತ, ಏರ್ ಫಿಲ್ಟರ್ ನೋಡಿ ಎಂದು ವರದಿ ಬಂತು.

ಗ್ಯಾರೇಜಿನ ಗಿರಾಕಿಗಳೆದುರು ಅದನ್ನು ಓದಿ, "ಫಿಲ್ಟರ್ ಹಾಕ್ದೇ ಕಾರ್ ಕಳ್ಸಿದೀಯಲ್ಲೋ" ಎಂದೆ. ಅವನು ಬಾನೆಟ್ ಎತ್ತಿ ಹೊಸ ಫಿಲ್ಟರ್ ತೋರಿಸಿದ. ಎಣ್ಣೆಯನ್ನು ಮತ್ತೆ ಉಜ್ಜಿ, "ನಂಗಂತೂ ಧೂಳು ಸಿಗ್ತಿಲ್ಲ. ನನ್ ಬೆರಳೇ ಕೆಟ್ಟೋಗದೆ ಬುಡಣ್ಣ" ಎಂದ.

ಮನೆಯಲ್ಲಿ ಹೆಂಡತಿ ಕೇಳಿದಳು: "ರೀ, ನನ್ ರಂಗೋಲಿ ಡಬ್ಬಿ ಎಲ್ಲಿ?"

"ಎಣ್ಣೆ ತುಂಬಿ ಕಳ್ಸಿದೆ. ಪುಡಿ ಒದರಿದ್ದೆ ಕಣೇ."

"ತೊಳೀಲಿಲ್ವಾ?"

ಮೆಕ್ಯಾನಿಕ್ ಈಗ ಎಣ್ಣೆ ಮುಟ್ಟಿಯೂ ನೋಡದೆ, ಎಲ್ಲರಿಗೂ "ಲ್ಯಾಬಿಗೆ ಕಳ್ಸಿ" ಅನ್ನುತ್ತಾನೆ. ಹೆಂಡತಿಗೆ ಹೊಸ ಡಬ್ಬಿ ತಂದುಕೊಟ್ಟು ತಪ್ಪಾಯಿತು ಎಂದೆ. ಇನ್ನೂ ಹೇಳದೆ ಉಳಿದಿರುವುದು ಮೆಕ್ಯಾನಿಕ್ಕಿಗೆ.